ಮನೋರಮೆ ಎದುರಿಗೆ ಕೂತಿದ್ದರೆ

ಕಲ್ಲಿನ ಮೇಲೆ ಬರೆಯುತ್ತಿದ್ದವರಿಗೆ ಒಂದು ಕಷ್ಟವಿತ್ತು. ಆ ಕಷ್ಟವೇ ಓದುವವರಿಗೆ ಅನುಕೂಲವಾಯಿತು. ಒಂದೊಂದು ಅಕ್ಷರಕ್ಕೂ ಉಳಿ ಹಿಡಿದು ಹೊಡೆಯಬೇಕು; ಜಾಗ ಕಡಿಮೆ, ಕೆಲಸ ಹೆಚ್ಚು. ಹಾಗಾಗಿ ಏನು ಹೇಳಬೇಕೆಂಬುದನ್ನು ಮೊದಲು ಯೋಚಿಸಿ, ಆಮೇಲೆ ಕಲ್ಲಿಗೆ ಇಳಿಸುತ್ತಿದ್ದರು. ನಮ್ಮ ಚನ್ನಗಿರಿ, ಹೊನ್ನಾಳಿ ಸೀಮೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು 1902ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7ನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಆಗ ಈ ತಾಲ್ಲೂಕುಗಳು ಶಿವಮೊಗ್ಗ ಜಿಲ್ಲೆಯಲ್ಲಿದ್ದವು; ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ದಾನಶಾಸನಗಳ ಒಕ್ಕಣೆಯನ್ನು ಗಮನಿಸಿದರೆ, ರಾಜನ ಬಿರುದುಗಳ ಉದ್ದನೆಯ ಸಾಲು ಮುಗಿದ ಮೇಲೆ (ಇಂದಿನ ಕಚೇರಿ ಪತ್ರಗಳ ‘ಉಲ್ಲೇಖ’ಕ್ಕೆ ಅದೇ ಮೂಲಪುರುಷನಿರಬೇಕು!) ವಿಷಯ ಸೀದಾ ಬರುತ್ತದೆ. ಯಾವ ಸಂವತ್ಸರ, ಯಾವ ಮಾಸ, ಯಾವ ತಿಥಿ, ಯಾವ ವಾರ. ಕೊಟ್ಟವರು ಯಾರು, ಪಡೆದವರು ಯಾರು. ಭೂಮಿ ಎಷ್ಟು, ಅದರ ಮೂಡಣ ಎಲ್ಲೆ ಯಾವುದು, ಪಡುವಣ ಎಲ್ಲೆ ಯಾವುದು. ಇದಕ್ಕೆ ತಪ್ಪಿದವನಿಗೆ ಏನಾಗುತ್ತದೆ.

ಓದು ಬಾರದವರನ್ನೂ ಆ ಕಾಲದವರು ಮರೆತಿರಲಿಲ್ಲ. ಕಲ್ಲಿನ ನೆತ್ತಿಯಲ್ಲಿ ಸೂರ್ಯ ಚಂದ್ರರನ್ನು ಕೊರೆದರೆ, ಅವರಿರುವವರೆಗೆ ಈ ದಾನ ನಡೆಯಬೇಕು ಎಂದು ದನ ಕಾಯುವ ಹುಡುಗನಿಗೂ ತಿಳಿಯುತ್ತಿತ್ತು. ವೀರಗಲ್ಲಿನಲ್ಲಿ ಕೆಳಗೆ ಕಾಳಗ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಇಂದು ಮೊಬೈಲಿನ ಗಾಜಿನ ಮೇಲೆ ಪುಟ್ಟ ಚಿತ್ರಗಳನ್ನು ಒತ್ತಿ ಒತ್ತಿ ನಾವು ಮಾಡುವ ಕೆಲಸಕ್ಕೂ ಇದಕ್ಕೂ ಬಹಳ ವ್ಯತ್ಯಾಸವೇನೂ ಇಲ್ಲ.

ಕಲ್ಲಿನಿಂದ ಮೊಬೈಲಿಗೆ ನಾನು ಹಾರಿದ್ದಕ್ಕೆ ಕಾರಣವಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಲ್ಲಿ ಕಂಪ್ಯೂಟರಿನ ಕೆಲಸದಲ್ಲಿದ್ದಾನೆ. ಇತ್ತೀಚೆಗೆ ಹಬ್ಬಕ್ಕೆ ಬಂದವನು, “ಮೇಡಂ, ನಮ್ಮ ಉಬ್ರಾಣಿಗೊಂದು ವೆಬ್‌ಸೈಟ್ ಮಾಡ್ತೀನಿ. ಕಂಟೆಂಟ್ ಮಾತ್ರ ನೀವೇ ಬರ್ಕೊಡಬೇಕು” ಎಂದ.

“ಕಂಟೆಂಟ್ ಅಂದ್ರೆ ಏನಪ್ಪಾ?”

“ಒಳಗೆ ತುಂಬೋದು ಮೇಡಂ.”

“ಹಾಗಾದ್ರೆ ಕಣಕ ನಿನ್ನದು, ಹೂರಣ ನನ್ನದು ಅನ್ನು” ಎಂದೆ. ನಗಾಡಿದೆವು. ಆದರೆ ಹೋಳಿಗೆ ಮಾಡಿದವರಿಗೆಲ್ಲ ಗೊತ್ತು, ಕಣಕ ಎಷ್ಟೇ ಹದವಾಗಿದ್ದರೂ ಹೂರಣ ನೀರಾದರೆ ತವೆಯ ಮೇಲೆ ಏನಾಗುತ್ತದೆ ಎಂಬುದು. ಬಿ.ಎ., ಬಿ.ಎಡ್. ಮಾಡಿ ಮೂವತ್ತು ವರ್ಷ ಮಕ್ಕಳಿಗೆ ಕನ್ನಡ, ಇತಿಹಾಸ ಹೇಳಿಕೊಟ್ಟಿದ್ದೇನೆ. ಪ್ರಬಂಧ ಬರೆಸಿದ್ದೇನೆ, ಪತ್ರಲೇಖನ ಬರೆಸಿದ್ದೇನೆ. ಆದರೂ ನಮ್ಮ ಊರಿನವರು ಅಂಗೈಯಲ್ಲಿ ಹಿಡಿದು ಓದುವ ಒಂದು ಪುಟವನ್ನು ಹೇಗೆ ಬರೆಯಬೇಕು ಎಂದು ಯೋಚಿಸುವಂತಾದದ್ದು ಆಗಲೇ.

ಅದೇ ವಾರ ನಮ್ಮ ಪಕ್ಕದ ಬೀದಿಯ ಹೆಣ್ಣುಮಗಳೊಬ್ಬಳು ಮೊಬೈಲು ಹಿಡಿದು ಬಂದಳು. ಗಂಡ ತೀರಿಕೊಂಡು ವರ್ಷ ಕಳೆದಿದೆ. ಒಂದೂವರೆ ಎಕರೆ ಅಡಿಕೆ ತೋಟ ಇನ್ನೂ ಅವನ ಹೆಸರಿನಲ್ಲೇ ಇದೆ. ಖಾತೆ ಬದಲಾಗದಿದ್ದರೆ ಅವಳಿಗೆ ಬೆಳೆಸಾಲವಿಲ್ಲ. ತೋಟಕ್ಕೆ ಏನಾದರೂ ಆದರೆ ಪರಿಹಾರವೂ ಇಲ್ಲ. ಕಾಲೇಜಿಗೆ ಹೋಗುವ ಮಗಳು ಹುಡುಕಿಕೊಟ್ಟ ಪುಟವನ್ನು ನನ್ನ ಮುಂದೆ ಹಿಡಿದು, “ಟೀಚರಮ್ಮ, ಇದ್ರಾಗೆ ನಾನೇನು ಮಾಡ್ಬೇಕು ಅಂತ ಎಲ್ಲೈತೆ ನೋಡ್ರಿ” ಎಂದಳು.

ಎಲ್ಲಿತ್ತು? ಅರ್ಹ ಅರ್ಜಿದಾರರು ನಿಗದಿತ ನಮೂನೆಯಲ್ಲಿ ಅಗತ್ಯ ದಾಖಲಾತಿಗಳೊಂದಿಗೆ ನಿಗದಿತ ಅವಧಿಯೊಳಗಾಗಿ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸತಕ್ಕದ್ದು, ಎಂಬ ಧಾಟಿಯ ವಾಕ್ಯಗಳು ಒಂದರ ಹಿಂದೆ ಒಂದು ಬಂದಿದ್ದವು. ಯಾವ ನಮೂನೆ? ಯಾವ ದಾಖಲೆ? ಎಷ್ಟು ದಿನ? ಪ್ರಾಧಿಕಾರ ಎಂದರೆ ಯಾರ ಮೇಜು? ಕನ್ನಡ ಕಲಿಸುವ ನಾನೇ ಮೂರು ಸಲ ಓದಿದೆ. ಅವಳು ಅಷ್ಟರಲ್ಲಾಗಲೇ ಎರಡು ಸಲ ಚನ್ನಗಿರಿಗೆ ಬಸ್ಸು ಹತ್ತಿ ಹೋಗಿ, ಒಂದು ಸಲ ಒಂದು ಕಾಗದ ಸಾಲದೆ, ಇನ್ನೊಂದು ಸಲ ಇನ್ನೊಂದು ಕಾಗದ ಸಾಲದೆ ವಾಪಸು ಬಂದಿದ್ದಳು. ಅಡಿಕೆ ಸುಲಿಯುವ ಕಾಲ. ಎರಡು ದಿನದ ಕೂಲಿ ಹೋಯಿತು. ಆ ಪುಟವನ್ನು ಬರೆದವರಿಗೆ ಇದು ಗೊತ್ತೇ ಆಗುವುದಿಲ್ಲ. ಸುಳ್ಳನ್ನು ಅವರೇನೂ ಬರೆದಿಲ್ಲ, ತಪ್ಪು ಕನ್ನಡವನ್ನೂ ಬರೆದಿಲ್ಲ. ಓದುವವಳನ್ನು ಮಾತ್ರ ಕಣ್ಣಮುಂದೆ ಇಟ್ಟುಕೊಂಡಿರಲಿಲ್ಲ.

ಕನ್ನಡಕ್ಕೆ ಈ ತೊಂದರೆ ಹೊಸದಲ್ಲ. 1112ರಲ್ಲಿ ‘ಧರ್ಮಾಮೃತ’ ಬರೆದ ಮುಳುಗುಂದದ ನಯಸೇನ, ಕನ್ನಡದಲ್ಲಿ ಹೇಳುತ್ತೇನೆಂದು ಹೊರಟು ಅರ್ಥವಾಗದ ಸಂಸ್ಕೃತವನ್ನು ತುಂಬುವವರನ್ನು ಗೇಲಿ ಮಾಡಿದ. ತುಪ್ಪಕ್ಕೆ ಎಣ್ಣೆ ಬೆರೆಸಿದ ಹಾಗೆ ಎಂಬುದು ಅವನ ಹೋಲಿಕೆ. ಎರಡೂ ಒಳ್ಳೆಯ ಪದಾರ್ಥವೇ, ಆದರೆ ಬೆರೆಸಿದರೆ ಎರಡೂ ಕೆಟ್ಟವು. ಅಡುಗೆಮನೆಯ ಮಾತಲ್ಲವೇ ಇದು? ಅದೇ ಶತಮಾನದಲ್ಲಿ ಶರಣರು ದಿನದಿನದ ಮಾತಿನಲ್ಲೇ ದೊಡ್ಡ ವಿಚಾರ ಹೇಳಿ ತೋರಿಸಿದರು. ನಮ್ಮ ನೆರೆಯ ಶಿಕಾರಿಪುರ ಸೀಮೆಯ ಉಡುತಡಿಯ ಅಕ್ಕಮಹಾದೇವಿಗೆ ಅರಮನೆಯ ಪಂಡಿತರ ಭಾಷೆ ಬೇಕಾಗಲಿಲ್ಲ.

ಆದರೆ ಓದುವವರನ್ನೇ ಪುಸ್ತಕದೊಳಗೆ ತಂದು ಕೂರಿಸಿ, ಅವರ ಕೈಯಿಂದ ತನ್ನನ್ನು ತಾನೇ ತಿದ್ದಿಸಿಕೊಂಡವನು ಮುದ್ದಣ. ನಂದಳಿಕೆಯ ಲಕ್ಷ್ಮೀನಾರಣಪ್ಪ ಅವನ ಹೆಸರು. 1870ರಲ್ಲಿ ಹುಟ್ಟಿ 1901ರಲ್ಲೇ ತೀರಿಕೊಂಡ, ಉಡುಪಿಯಲ್ಲಿ ವ್ಯಾಯಾಮ ಹೇಳಿಕೊಡುತ್ತಿದ್ದ ಬಡ ಮಾಸ್ತರ. ಅವನ ‘ಶ್ರೀರಾಮಾಶ್ವಮೇಧ’ವನ್ನು ನಮ್ಮ ಕಾಲದ ಪಠ್ಯಪುಸ್ತಕಗಳಲ್ಲಿ ಓದಿದವರಿಗೆ ನೆನಪಿರುತ್ತದೆ. ಮಳೆಗಾಲದ ಹೊತ್ತು, ಹೆಂಡತಿ ಮನೋರಮೆ ಕತೆ ಹೇಳೆನ್ನುತ್ತಾಳೆ. ಪದ್ಯವೋ ಗದ್ಯವೋ ಎಂದರೆ ಗದ್ಯವೇ ಇರಲಿ ಎನ್ನುತ್ತಾಳೆ. ಅವನು ಪಂಡಿತರ ಠೀವಿಯಲ್ಲಿ ಶುರು ಮಾಡಿದರೆ, ಇದೆಲ್ಲ ನನಗೆ ಬೇಡ, ತಿಳಿಯುವ ಹಾಗೆ ಹೇಳು ಎಂದು ತಡೆಯುತ್ತಾಳೆ. ಕತೆಯ ನಡುವೆಯೂ ಬಾಯಿ ಹಾಕುತ್ತಾಳೆ, ಅನುಮಾನ ಕೇಳುತ್ತಾಳೆ, ಚೇಷ್ಟೆ ಮಾಡುತ್ತಾಳೆ.

ಆ ಪುಸ್ತಕ ಇರುವುದು ಹಳಗನ್ನಡದಲ್ಲಿ ಎನ್ನುವುದು ನಿಜ. ಇಂದಿನ ಮಕ್ಕಳಿಗೆ ಅರ್ಥ ಹೇಳಿಕೊಡದೆ ನಡೆಯುವುದಿಲ್ಲ. ಆದರೂ ಮನೋರಮೆ ಬಾಯಿ ಹಾಕಿದ ಜಾಗಗಳಲ್ಲಿ ಮಕ್ಕಳು ತಾವಾಗಿ ನಗುತ್ತಾರೆ. ಅಲ್ಲಿ ನನ್ನ ಸಹಾಯ ಬೇಕಾಗುವುದಿಲ್ಲ. ನನ್ನ ಮಟ್ಟಿಗೆ ಮನೋರಮೆ ಕನ್ನಡದ ಮೊಟ್ಟಮೊದಲ ಸಂಪಾದಕಿ. “ಇದು ನನಗೆ ತಿಳಿಯಲಿಲ್ಲ” ಎಂದು ಹೇಳುವ ಅಧಿಕಾರವನ್ನು ಬರೆಯುವವನು ಅವಳಿಗೆ ಕೊಟ್ಟ. ತಿಳಿಯದಿದ್ದದ್ದು ಅವಳ ದಡ್ಡತನ ಎಂದು ಅವನು ಅಂದುಕೊಳ್ಳಲಿಲ್ಲ.

ಈ ಅಧಿಕಾರವನ್ನು ನಿಜವಾದ ಹೆಂಗಸರು ತಾವೇ ತೆಗೆದುಕೊಂಡ ಕತೆ ಇನ್ನೂ ದೊಡ್ಡದು. ನಂಜನಗೂಡು ತಿರುಮಲಾಂಬಾ 1887ರಲ್ಲಿ ಹುಟ್ಟಿದವರು; ಎಳೆಯ ವಯಸ್ಸಿನಲ್ಲೇ ಮದುವೆ, ಎಳೆಯ ವಯಸ್ಸಿನಲ್ಲೇ ವೈಧವ್ಯ. ಮೂಲೆ ಸೇರಬೇಕಾಗಿದ್ದ ಆ ಹುಡುಗಿ ಪುಸ್ತಕ ಹಿಡಿದಳು. 1913ರಲ್ಲಿ ‘ಸತೀಹಿತೈಷಿಣಿ’ ಗ್ರಂಥಮಾಲೆ, 1916ರಲ್ಲಿ ‘ಕರ್ನಾಟಕ ನಂದಿನಿ’ ಪತ್ರಿಕೆ, 1922ರಲ್ಲಿ ‘ಸನ್ಮಾರ್ಗದರ್ಶಿನಿ’. ಬರೆದದ್ದು ಅವರೇ, ಅಚ್ಚು ಹಾಕಿಸಿದ್ದು ಅವರೇ. ಯಾರು ಓದುತ್ತಾರೆ ಎಂಬ ಪ್ರಶ್ನೆಗೆ ಅವರಲ್ಲಿ ಸ್ಪಷ್ಟ ಉತ್ತರವಿತ್ತು: ಶಾಲೆಗೆ ಹೆಚ್ಚು ದಿನ ಹೋಗದ, ಮನೆಗೆಲಸದ ನಡುವೆ ಅರ್ಧ ಗಂಟೆ ಸಿಕ್ಕಿದಾಗ ಪುಸ್ತಕ ತೆರೆಯುವ ಹೆಂಗಸರು.

ಅವರ ನಂತರ ನನ್ನ ತಾಯಿಯ ತಲೆಮಾರಿಗೆ ಡಾ. ಅನುಪಮಾ ನಿರಂಜನ ಬಂದರು. ತೀರ್ಥಹಳ್ಳಿಯಲ್ಲಿ 1934ರಲ್ಲಿ ಹುಟ್ಟಿದ ವೈದ್ಯೆ. ‘ತಾಯಿ-ಮಗು’, ‘ವಧುವಿಗೆ ಕಿವಿಮಾತು’, ‘ಕೇಳು ಕಿಶೋರಿ’ ಎಂಬ ಹೆಸರುಗಳನ್ನೇ ನೋಡಿ. ಓದುವವಳು ಯಾರು ಎಂಬುದು ಶೀರ್ಷಿಕೆಯಲ್ಲೇ ಇದೆ. ಬಸುರಿ, ಬಾಣಂತಿ, ದೊಡ್ಡವಳಾದ ಹುಡುಗಿ ಯಾರನ್ನೂ ಕೇಳಲಾರದೆ ಒದ್ದಾಡುವ ಪ್ರಶ್ನೆಗಳಿಗೆ ಅವರು ನಾಚಿಕೆ ಬಿಟ್ಟು, ಹೆದರಿಸದೆ ಉತ್ತರ ಬರೆದರು. ನಮ್ಮ ಮನೆಯ ಪ್ರತಿ ಮೂರು ಮನೆ ಸುತ್ತಿ ಬಂದು, ರಟ್ಟು ಕಿತ್ತುಹೋಗಿತ್ತು. ಬರವಣಿಗೆ ಉಪಯೋಗಕ್ಕೆ ಬಂತು ಎನ್ನಲು ಅದಕ್ಕಿಂತ ಸಾಕ್ಷಿ ಬೇಕೇ?

ಇನ್ನು ನಮ್ಮ ಅಡಿಕೆಗೇ ಬರೋಣ. 1988ರಲ್ಲಿ ಪುತ್ತೂರಿನಿಂದ ‘ಅಡಿಕೆ ಪತ್ರಿಕೆ’ ಹೊರಟಿತು. ಅದರ ಸಂಪಾದಕರಾಗಿದ್ದ ಶ್ರೀ ಪಡ್ರೆಯವರು ಮತ್ತು ಅವರ ಗೆಳೆಯರು ‘ಕೃಷಿಕರ ಕೈಗೆ ಲೇಖನಿ’ ಎಂದು ಶಿಬಿರಗಳನ್ನು ನಡೆಸಿದರು. ತಜ್ಞರು ಬರೆದದ್ದು ಎಷ್ಟೋ ಸಲ ತೋಟದವರಿಗೆ ಮುಟ್ಟುವುದಿಲ್ಲ. ತೋಟದಲ್ಲಿ ಕೈ ಕೆಸರು ಮಾಡಿಕೊಂಡವರೇ ಬರೆದರೆ ಇನ್ನೊಬ್ಬ ತೋಟದವನ ಪ್ರಶ್ನೆ ಏನೆಂದು ಅವರಿಗೆ ಗೊತ್ತಿರುತ್ತದೆ ಎಂಬುದು ಅದರ ಹಿಂದಿನ ತಿಳಿವಳಿಕೆ. ಎಷ್ಟು ಖರ್ಚಾಯಿತು, ಎಷ್ಟು ದಿನ ಹಿಡಿಯಿತು, ಎಲ್ಲಿ ಕೈಕೊಟ್ಟಿತು, ಇವಿಷ್ಟು ಇದ್ದರೆ ರೈತ ಓದುತ್ತಾನೆ. ಇಲ್ಲದಿದ್ದರೆ ಮಡಿಚಿಡುತ್ತಾನೆ.

ಹೊರದೇಶಗಳಲ್ಲೂ ಇದೇ ಹೋರಾಟ ನಡೆದಿದೆ. ಇಂಗ್ಲೆಂಡಿನ ಲಿವರ್‌ಪೂಲಿನ ಕ್ರಿಸಿ ಮಾಹರ್ ಎಂಬಾಕೆ ಹದಿಹರೆಯದವರೆಗೂ ಓದಲು ಬರೆಯಲು ಕಲಿತಿರಲಿಲ್ಲ. ಅರ್ಥವಾಗದ ಸರ್ಕಾರಿ ಅರ್ಜಿಗಳಿಂದ ಬಡವರು ತಮಗೆ ಬರಬೇಕಾದ ನೆರವನ್ನೇ ಕಳೆದುಕೊಳ್ಳುವುದನ್ನು ಕಂಡು, 1979ರಲ್ಲಿ ಲಂಡನ್ನಿನ ಪಾರ್ಲಿಮೆಂಟಿನ ಎದುರು ಆ ಫಾರಂಗಳನ್ನು ಚೂರುಚೂರು ಮಾಡಿ ಸುಲಭ ಇಂಗ್ಲಿಷಿನ ಚಳವಳಿ ಶುರು ಮಾಡಿದಳು. ಅಮೆರಿಕದಲ್ಲಿ ಸರ್ಕಾರ ಜನರಿಗೆ ತಿಳಿಯುವಂತೆ ಬರೆಯಬೇಕೆಂದು 2010ರಲ್ಲಿ ಕಾನೂನೇ ಬಂತು. ನಮ್ಮಲ್ಲೂ 2005ರ ಮಾಹಿತಿ ಹಕ್ಕು ಕಾಯ್ದೆಯ 4ನೆಯ ಕಲಮು, ಯಾರೂ ಕೇಳುವ ಮೊದಲೇ ಕಚೇರಿಗಳು ತಮ್ಮ ವಿವರಗಳನ್ನು ಪ್ರಕಟಿಸಬೇಕು, ಹಾಗೆ ಪ್ರಕಟಿಸುವಾಗ ಆಯಾ ಪ್ರದೇಶದ ಭಾಷೆಯನ್ನು ಗಮನದಲ್ಲಿಡಬೇಕು ಎನ್ನುತ್ತದೆ. ಕಾಯ್ದೆ ಭಾಷೆಯನ್ನು ಹೇಳಿತು. ಭಾಷೆ ಕನ್ನಡವಾದ ಮಾತ್ರಕ್ಕೆ ಮಾತು ತಿಳಿಯುತ್ತದೆ ಎಂದೇನಿಲ್ಲ.

ಕಂಪ್ಯೂಟರಿಗೆ ಕನ್ನಡ ಬರಿಸುವುದೇ ಒಂದು ಕಾಲದಲ್ಲಿ ದೊಡ್ಡ ಸಾಹಸವಾಗಿತ್ತು. ಕೆ. ಪಿ. ರಾವ್ ಅವರು ಕನ್ನಡಕ್ಕೆ ಹೊಂದುವ ಕೀಲಿಮಣೆ ರೂಪಿಸಿದರು. 1996ರಲ್ಲಿ ಯು. ಬಿ. ಪವನಜ ಅವರು ಅಂತರಜಾಲದಲ್ಲಿ ‘ವಿಶ್ವಕನ್ನಡ’ ಪತ್ರಿಕೆ ತಂದರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು, ಆ ಬಳಿಕ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಆಗೆಲ್ಲ ಒಬ್ಬರು ಕಳಿಸಿದ ಕನ್ನಡ ಇನ್ನೊಬ್ಬರ ಯಂತ್ರದಲ್ಲಿ ಚಿತ್ರವಿಚಿತ್ರ ಗುರುತುಗಳಾಗಿ ಕಾಣುತ್ತಿತ್ತು. ಯುನಿಕೋಡ್ ಬಳಕೆಗೆ ಬಂದ ಮೇಲೆ ಆ ಕಾಟ ತಪ್ಪಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು. ಅದಕ್ಕೂ ಮೊದಲೇ ‘ಭೂಮಿ’ ಯೋಜನೆಯಲ್ಲಿ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದ್ದವು. ಅಕ್ಷರ ಒಡೆದು ಕಾಣುವ ಕಾಲ ಹೋಯಿತು. ಅಕ್ಷರ ಚೆಂದ ಕಂಡರೂ ಅರ್ಥ ಒಡೆದು ಕಾಣುವ ಕಾಲ ಮಾತ್ರ ಉಳಿದುಕೊಂಡಿದೆ.

ಕಾಗದದ ಮೇಲೆ ಓದುವುದಕ್ಕೂ ಪರದೆಯ ಮೇಲೆ ಓದುವುದಕ್ಕೂ ಒಂದು ವ್ಯತ್ಯಾಸವಿದೆ. ಯಾಕೋಬ್ ನೀಲ್ಸನ್ ಎಂಬವರು 1997ರಲ್ಲಿ ತಮ್ಮ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು: ವೆಬ್ ಪುಟ ತೆರೆದ 100 ಜನರಲ್ಲಿ 79 ಜನ ಕಣ್ಣಾಡಿಸುತ್ತಾರೆ ಅಷ್ಟೆ, ಪದಪದವಾಗಿ ಓದುವವರು 16 ಜನ. ನನಗೇನೂ ಆಶ್ಚರ್ಯವಾಗಲಿಲ್ಲ. ಸಂತೆಯಲ್ಲಿ ನಾವು ಮಾಡುವುದೂ ಅದೇ ಅಲ್ಲವೇ? ಮೆಣಸಿನಕಾಯಿ ಬೇಕಾದವಳು ಮೆಣಸಿನಕಾಯಿ ರಾಶಿ ಎಲ್ಲಿದೆ ಎಂದು ಕಣ್ಣಾಡಿಸುತ್ತಾಳೆ. ಅದು ಕಾಣದಂತೆ ಮೂಟೆಯ ಹಿಂದೆ ಇಟ್ಟ ಅಂಗಡಿಯ ಮುಂದೆ ನಿಲ್ಲುವುದಿಲ್ಲ. ಅಡಿಕೆ ಧಾರಣೆ ನೋಡುವವನಿಗೆ ಅಡಿಕೆಯ ಮಹಿಮೆಯ ಮೇಲೆ ಮುನ್ನುಡಿ ಬೇಡ. ರಾಶಿ ಎಷ್ಟು, ಬೆಟ್ಟೆ ಎಷ್ಟು, ಯಾವ ಮಾರುಕಟ್ಟೆ, ಯಾವ ದಿನದ್ದು, ಇಷ್ಟು ಸಾಕು. ದಿನ ಹಾಕದ ಧಾರಣೆ ಇದ್ದೂ ಇಲ್ಲದಂತೆ. ಅದಕ್ಕೇ ಶಾಸನದವರು ತಿಥಿವಾರ ಬಿಡುತ್ತಿರಲಿಲ್ಲ.

ವೆಬ್‌ಸೈಟಿನ ಕೆಲಸಕ್ಕೆ ನಾನು ಒಂಬತ್ತನೇ ತರಗತಿಯ ಮಕ್ಕಳನ್ನು ಕೂರಿಸಿಕೊಂಡೆ. ಮೊದಲು ಅವರು ಬರೆದು ತಂದದ್ದು ಪರೀಕ್ಷೆಯ ಪ್ರಬಂಧ: ಭಾರತ ಹಳ್ಳಿಗಳ ದೇಶ ಎಂದು ಆರಂಭ, ಉಪಸಂಹಾರದಲ್ಲಿ ಎಲ್ಲರೂ ಕೈಜೋಡಿಸಬೇಕೆಂಬ ಕರೆ. ತಪ್ಪು ಅವರದಲ್ಲ, ಪರೀಕ್ಷೆಯಲ್ಲಿ ಅದಕ್ಕೇ ಅಂಕ. ಒಬ್ಬ ಹುಡುಗ ಮೊಬೈಲಿನ ಯಂತ್ರಬುದ್ಧಿಯಿಂದ ಬರೆಸಿಕೊಂಡು ಬಂದಿದ್ದ. ನುಣುಪಾದ ಕನ್ನಡ, ಒಂದು ಕಾಗುಣಿತವೂ ತಪ್ಪಿರಲಿಲ್ಲ. ಆದರೆ ಊರಿನ ಹೆಸರು ತೆಗೆದು ಇನ್ನೊಂದು ಊರಿನ ಹೆಸರು ಹಾಕಿದರೂ ನಡೆಯುತ್ತಿತ್ತು.

ಆಗ ಒಂದು ಕಟ್ಟಳೆ ಮಾಡಿದೆ. ಪ್ರತಿಯೊಬ್ಬರೂ ಮನೆಯಲ್ಲಿ ಅವ್ವನನ್ನೋ ಅಜ್ಜಿಯನ್ನೋ ಕೂರಿಸಿ ಬರೆದದ್ದನ್ನು ಓದಿ ಹೇಳಬೇಕು. ಅವರು ಎಲ್ಲಿ “ಏನಂದಿ?” ಎಂದು ಕೇಳುತ್ತಾರೋ ಅಲ್ಲಿ ಗುರುತು ಹಾಕಿಕೊಂಡು ಬರಬೇಕು. ಮರುದಿನದ ಹಾಳೆಗಳ ತುಂಬ ಗುರುತುಗಳು! ಒಬ್ಬಳ ಅಜ್ಜಿ, “ಇಷ್ಟುದ್ದ ಓದ್ತೀಯಲ್ಲೇ, ಬಸ್ಸು ಎಷ್ಟೊತ್ತಿಗೆ ಅಂತ ಹೇಳವ್ವ ಮೊದ್ಲು” ಎಂದರಂತೆ. ಊರಿನ ಪುಟದ ಮೊದಲ ಸಾಲು ಬಸ್ಸಿನ ಸಮಯವಾಯಿತು. ಇತಿಹಾಸ ಕೆಳಗಿಳಿಯಿತು. ಇತಿಹಾಸ ಹೇಳಿಕೊಡುವ ನನಗೆ ಸ್ವಲ್ಪ ಕಸಿವಿಸಿಯಾಯಿತಾದರೂ, ಅಜ್ಜಿಯ ಮಾತೇ ಸರಿ.

ಖಾತೆ ಬದಲಾವಣೆಯ ವಿಷಯವನ್ನೂ ಮಕ್ಕಳು ಬರೆದರು. “ಜಮೀನಿನ ಪಹಣಿಯಲ್ಲಿ ಹೆಸರಿದ್ದವರು ತೀರಿಕೊಂಡಿದ್ದಾರೆಯೇ? ವಾರಸುದಾರರ ಹೆಸರಿಗೆ ಖಾತೆ ಮಾಡಿಸಿಕೊಳ್ಳಬೇಕು. ಕಚೇರಿಯಲ್ಲಿ ಇದನ್ನು ಪೋತಿ ಖಾತೆ ಎನ್ನುತ್ತಾರೆ. ಹೋಗುವಾಗ ಇವು ಕೈಯಲ್ಲಿರಲಿ: ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ, ವಾರಸುದಾರರ ಆಧಾರ್.” ಅದರ ಕೆಳಗೆ, ಇನ್ನೇನಾದರೂ ಬೇಕೇ ಎಂದು ಹೊರಡುವ ಮೊದಲು ಗ್ರಾಮ ಆಡಳಿತ ಅಧಿಕಾರಿಯನ್ನು ಕೇಳಿ ಎಂಬ ಒಂದು ಸಾಲು.

ಇಲ್ಲಿ ಮಕ್ಕಳ ನಡುವೆ ಒಂದು ವಾದ ನಡೆಯಿತು. ಪೋತಿ ಎಂಬ ಪದ ಯಾಕೆ, ಅದು ಯಾರಿಗೆ ತಿಳಿಯುತ್ತದೆ, ತೆಗೆದುಹಾಕೋಣ ಎಂದು ಒಬ್ಬಳು ಹೇಳಿದಳು. ಇನ್ನೊಬ್ಬಳು, “ಬೇಡ ಕಣೇ, ಕೌಂಟರಿನಲ್ಲಿ ಪೋತಿ ಖಾತೆನಾ ಅಂತ ಕೇಳಿದ್ರೆ ನಮ್ಮವ್ವ ಏನು ಹೇಳ್ಬೇಕು?” ಎಂದಳು. ನಾನು ಬಿ.ಎಡ್.ನಲ್ಲಿ ಕಲಿಯದ ಪಾಠ ಅದು. ಸರಳ ಮಾಡುವುದೆಂದರೆ ಕಷ್ಟದ ಪದವನ್ನು ಬಚ್ಚಿಡುವುದಲ್ಲ. ಪಹಣಿ, ಖುಷ್ಕಿ, ತರಿ, ಬಾಗಾಯ್ತು, ಖರಾಬು ಎಂಬ ಕಂದಾಯದ ಪದಗಳು ಶತಮಾನಗಳಿಂದ ನಡೆದು ಬಂದಿವೆ. ನಮ್ಮ ಆಸ್ತಿಯ ಹಣೆಬರಹ ಇರುವುದು ಅವುಗಳಲ್ಲೇ. ಮನೆಯ ಮಾತಿನಲ್ಲಿ ಅರ್ಥ ಹೇಳಿ, ಕಚೇರಿಯ ಮಾತನ್ನೂ ಪಕ್ಕದಲ್ಲಿ ಕಲಿಸಿಕೊಡಬೇಕು. ಆಗ ಹೆಣ್ಣುಮಗಳು ಆ ಕಿಟಕಿಯ ಮುಂದೆ ತಲೆ ಎತ್ತಿ ನಿಲ್ಲುತ್ತಾಳೆ. ಬರೀ ಸುಲಭ ಮಾಡಿಕೊಟ್ಟರೆ ಪುಟದ ಹೊರಗೆ ಮತ್ತೆ ಅಸಹಾಯಕಳಾಗುತ್ತಾಳೆ.

ಇನ್ನೂ ಒಂದೆರಡು ಸಂಗತಿಗಳು ಆ ಕೆಲಸದಲ್ಲಿ ತಿಳಿದವು. ಒಂದು ಪ್ಯಾರಾಕ್ಕೆ ಒಂದೇ ವಿಷಯ. ಶೀರ್ಷಿಕೆ ‘ಸಾಮಾನ್ಯ ಮಾಹಿತಿ’ ಎಂದಿರಬಾರದು, ಓದುವವರ ಪ್ರಶ್ನೆಯೇ ಶೀರ್ಷಿಕೆಯಾಗಬೇಕು. ‘ಇಲ್ಲಿ ಒತ್ತಿ’ ಎಂದರೆ ಸಾಲದು, ಒತ್ತಿದರೆ ಏನು ತೆರೆಯುತ್ತದೆ ಎಂದೂ ಹೇಳಬೇಕು. ಗೊತ್ತಿಲ್ಲದ ಬಾಗಿಲನ್ನು ಜಾಣೆಯರು ತಳ್ಳುವುದಿಲ್ಲ. ಜನ ವೆಬ್‌ಸೈಟ್ ಎನ್ನುತ್ತಿದ್ದರೆ ನಾವು ಹಟ ಹಿಡಿದು ಬೇರೆ ಪದ ಹೊಸೆಯುವುದು ಬೇಡ. ಜನರಿಗೆ ಕನ್ನಡದ ಪದವೇ ಗೊತ್ತಿರುವಲ್ಲಿ ಇಂಗ್ಲಿಷ್ ತುರುಕುವುದೂ ಬೇಡ. ಹಳೆಯದಾದ ಮಾಹಿತಿಯನ್ನು ತೆಗೆಯುವುದು ಹೊಸದನ್ನು ಬರೆಯುವಷ್ಟೇ ಮುಖ್ಯ. ಹಳಸಿದ್ದನ್ನು ಬಡಿಸುವುದಕ್ಕಿಂತ ಪಾತ್ರೆ ಖಾಲಿ ಎನ್ನುವುದು ವಾಸಿ.

ಇವೆಲ್ಲ ದೊಡ್ಡ ವಿದ್ಯೆಯೇನಲ್ಲ. ತವರಿಗೆ ಕಾಗದ ಬರೆಯುತ್ತಿದ್ದ ನಮ್ಮ ಅವ್ವಂದಿರಿಗೆ ಇದು ಗೊತ್ತಿತ್ತು. ‘ನಾವೆಲ್ಲ ಕ್ಷೇಮ’ ಎಂದು ಮೊದಲ ಸಾಲಿನಲ್ಲೇ ಬರೆಯುತ್ತಿದ್ದರು. ಕಾಗದ ಒಡೆಯುವ ಕೈ ನಡುಗುತ್ತಿರುತ್ತದೆ ಎಂಬುದು ಅವರಿಗೆ ತಿಳಿದಿತ್ತಲ್ಲ! ಕಾಗದ ಓದಿ ಹೇಳುವವರು ನೆರೆಮನೆಯ ಹುಡುಗರಾದರೆ ಅದಕ್ಕೆ ತಕ್ಕಂತೆ ಗುಟ್ಟನ್ನು ಗುಟ್ಟಾಗಿಯೇ ಇಟ್ಟು ವಿಷಯ ದಾಟಿಸುತ್ತಿದ್ದರು. ಓದುವವರ ಮನಸ್ಸು, ಕಣ್ಣು, ಪಕ್ಕದಲ್ಲಿ ನಿಂತವರು, ಎಲ್ಲವೂ ಅವರ ಲೆಕ್ಕದಲ್ಲಿತ್ತು.

ನಿಮ್ಮ ಮನೆಯ ಮಗನೋ ಸೊಸೆಯೋ ಇಂಥ ಪುಟಗಳನ್ನು ಬರೆಯುವ ಕೆಲಸದಲ್ಲಿದ್ದರೆ, ಬರೆದದ್ದನ್ನು ಓದಿ ಹೇಳು ಎಂದು ಒಮ್ಮೆ ಕೇಳಿ ನೋಡಿ. ತಿಳಿಯದಿದ್ದರೆ “ತಿಳಿಯಲಿಲ್ಲ” ಎನ್ನಿ. ನಮಗೆ ಓದು ಸಾಲದು ಎಂದು ಸುಮ್ಮನಾಗಬೇಡಿ. ಹೆಂಗಸರು ಹಾಗೆ ಸುಮ್ಮನಾದಷ್ಟೂ ಆ ಪುಟಗಳು ಹಾಗೇ ಉಳಿಯುತ್ತವೆ, ಬಸ್ ಚಾರ್ಜು ನಮ್ಮದೇ ಹೋಗುತ್ತದೆ.